ಅರಗು, ಎಣ್ಣೆ, ಎನ್‌ಸಿ, ಪಿಯು: ಮನೆಯಲ್ಲಿ ಕಟ್ಟಿದ ಗಿಟಾರ್‌ಗೆ ಯಾವ ಪಾಲಿಶ್?

ಮೊದಲೇ ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಗಿಟಾರ್‌ನ ಬಾಡಿಗೂ ಎಡಗೈಯಲ್ಲಿ ಹಿಡಿಯುವ ಉದ್ದನೆಯ ನೆಕ್‌ಗೂ ಒಂದೇ ಪಾಲಿಶ್ ಬೇಡ. ನೆಕ್‌ಗೆ ಎಣ್ಣೆ ಹಚ್ಚಿ. ಬಾಡಿಗೆ, ಮನೆಯಲ್ಲೇ ನುಡಿಸುವ ಗಿಟಾರ್ ಆದರೆ ಅರಗು (ಶೆಲ್ಯಾಕ್), ವೇದಿಕೆ ಹತ್ತಿ ಊರೂರು ತಿರುಗುವ ಗಿಟಾರ್ ಆದರೆ ಪಿಯು, ಅಂದರೆ ಪಾಲಿಯುರೆಥೇನ್. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಈ ಎಲ್ಲಕ್ಕಿಂತ ಚೆಂದ ಕಾಣುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಅದಕ್ಕೆ ಬೇಕಾದ ಒಣ ಹವೆ, ಸ್ಪ್ರೇ ಮಾಡಲು ಜಾಗ ಮತ್ತು ವಾರಗಟ್ಟಲೆ ಕಾಯುವ ತಾಳ್ಮೆ ಮೂರೂ ಇದ್ದವರು ಮಾತ್ರ ಅದಕ್ಕೆ ಕೈ ಹಾಕಬೇಕು. ಬಡಗಿಗಳು ಹಚ್ಚುವ ಮೆಲಮೈನ್ ಪಾಲಿಶ್ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ.

ನಾನು ಮೈಸೂರಿನಲ್ಲಿ, ಮನೆಯ ಹಿಂದೆ ಶೀಟ್ ಹೊದಿಸಿದ ಜಾಗದಲ್ಲಿ ಗಿಟಾರ್ ಕಟ್ಟುತ್ತೇನೆ. ಹವ್ಯಾಸ ಅಷ್ಟೇ, ಮಾರುವುದಿಲ್ಲ. ಬಾಡಿಗೆ ಬಳಸಿದ್ದು ಮೂರು ಬಗೆಯ ಮರ. ಹಳೇ ಮನೆ ಕೆಡವಿದಾಗ ಸಿಕ್ಕ ತೇಗದ ತೊಲೆ, ತೋಟದಲ್ಲಿ ಬೆಳೆದ ಮಹಾಗನಿ, ಮತ್ತೆ ಚಿಕ್ಕಮಗಳೂರು ಕಡೆ ಕಾಫಿಗೆ ನೆರಳು ಕೊಡಲು, ಮೆಣಸಿನ ಬಳ್ಳಿ ಹಬ್ಬಿಸಲು ಬೆಳೆಸುತ್ತಾರಲ್ಲ, ಆ ಸಿಲ್ವರ್ ಓಕ್. ನೆಕ್‌ಗಳು ಮಾತ್ರ ಕೊಂಡ ಮೇಪಲ್ ನೆಕ್‌ಗಳು, ಪಾಲಿಶ್ ಇಲ್ಲದೆ ಬಂದವು. ಪ್ರತಿ ಹಲಗೆಯಿಂದ ಉಳಿದ ತುಂಡುಗಳನ್ನು ಒಂದೇ ಅಳತೆಗೆ ಕೊಯ್ದು, ಪ್ರತಿ ತುಂಡಿಗೂ ಬೇರೆ ಬೇರೆ ಪಾಲಿಶ್ ಹಚ್ಚಿ, ಒಂದು ಕಂತೆಯನ್ನು ಮೈಸೂರಿನಲ್ಲಿ ಇಟ್ಟುಕೊಂಡೆ, ಇನ್ನೊಂದನ್ನು ಉಡುಪಿಯ ಅಕ್ಕನ ಮನೆಯಲ್ಲಿ ಮಳೆಗಾಲ ಪೂರ್ತಿ ಬಿಟ್ಟೆ. ಗಿಟಾರ್ ಮೇಲೆ ಕಂಡದ್ದಕ್ಕಿಂತ ಆ ತುಂಡುಗಳ ಮೇಲೆ ಕಂಡದ್ದೇ ನನಗೆ ಜಾಸ್ತಿ ಹೇಳಿತು.

ಹೋಲಿಕೆಗೆ ಮುಂಚೆ ಸ್ವರದ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಪಾಲಿಶ್ ಅಂದ ಕೂಡಲೇ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ತೆಳ್ಳಗಿನ ಎನ್‌ಸಿ ಹಚ್ಚಿದರೆ ಮರ ಉಸಿರಾಡುತ್ತದೆ, ದಪ್ಪ ಪಿಯು ಹಾಕಿದರೆ ಸ್ವರ ಸಾಯುತ್ತದೆ ಅನ್ನುವ ಮಾತು. ಅಕೌಸ್ಟಿಕ್ ಗಿಟಾರ್‌ನಲ್ಲಿ, ಪಿಟೀಲಿನಲ್ಲಿ ಪಾಲಿಶ್‌ನ ದಪ್ಪಕ್ಕೆ ನಿಜವಾಗಿ ಬೆಲೆ ಇದೆ. ಅಲ್ಲಿ ತೆಳು ಹಲಗೆಯೇ ಕಂಪಿಸಿ ಗಾಳಿಯನ್ನು ಅಲುಗಿಸಬೇಕು. ಎಲೆಕ್ಟ್ರಿಕ್‌ನಲ್ಲಿ ಹಾಗಲ್ಲ. ಉಕ್ಕಿನ ತಂತಿ ಪಿಕಪ್‌ನ ಅಯಸ್ಕಾಂತದ ಎದುರು ಅಲುಗಿದಾಗ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್‌ಗೆ ಹೋಗುವುದು ಅದು. ಸುಮಾರು 45 ಮಿಲಿಮೀಟರ್ ದಪ್ಪದ ಗಟ್ಟಿ ಮರದ ಮೇಲೆ ಒಂದು ಮಿಲಿಮೀಟರ್‌ಗೂ ಕಡಿಮೆ ಪದರ ಕೂತರೆ ಎಷ್ಟು ತಾನೇ ಬದಲಾಗುತ್ತದೆ? ಒಂದೇ ನೆಕ್, ಅದೇ ಪಿಕಪ್, ಅದೇ ಗೇಜಿನ ಹೊಸ ತಂತಿಗಳನ್ನು ಅರಗು ಹಚ್ಚಿದ ಮಹಾಗನಿ ಬಾಡಿಯಿಂದ ತೆಗೆದು ಪಿಯು ಹಚ್ಚಿದ ಮಹಾಗನಿ ಬಾಡಿಗೆ ಹಾಕಿ ರೆಕಾರ್ಡ್ ಮಾಡಿದೆ. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಯಾವುದು ಯಾವುದೆಂದು ಹೇಳದೆ ಗೆಳೆಯರಿಗೆ ಕೇಳಿಸಿದೆ, ಅವರಿಗೂ ಗೊತ್ತಾಗಲಿಲ್ಲ. ಪಿಕಪ್‌ನ ಎತ್ತರವನ್ನು ಅರ್ಧ ತಿರುವು ಬದಲಿಸಿದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬದಲಾವಣೆ ಕೇಳಿಸುತ್ತದೆ.

ಎನ್‌ಸಿಗೆ ಅಷ್ಟು ಹೆಸರು ಬಂದದ್ದರ ಹಿಂದೆ ಕಾರಿನ ಕಥೆ ಇದೆ. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಡ್ಯೂಕೋ ಅನ್ನುವ ಹೆಸರಿನಲ್ಲಿ ನೈಟ್ರೋಸೆಲ್ಯುಲೋಸ್ ಬಣ್ಣ ತಂದಿತು. ಅಲ್ಲಿವರೆಗೆ ಒಂದು ಕಾರಿನ ಬಣ್ಣ ಒಣಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತಿತ್ತು, ಇದು ಗಂಟೆಗಳ ಕೆಲಸವಾಯಿತು. ನಮ್ಮಲ್ಲಿ ಇಂದಿಗೂ ಬೀರು, ಬಾಗಿಲಿಗೆ ಹೊಳೆಯುವ ಬಣ್ಣ ಹೊಡೆಸುವುದಕ್ಕೆ ಡ್ಯೂಕೋ ಪೇಂಟ್ ಅಂತಲೇ ಹೇಳುತ್ತೇವಲ್ಲ, ಅದೇ ಹೆಸರು. 50ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿ ಗಿಟಾರ್‌ಗಳಿಗೆ ಬಣ್ಣ ಹೊಡೆಯುವಾಗ ಈ ಕಾರಿನ ಬಣ್ಣಗಳನ್ನೇ ಬಳಸಿತು. ಈಗ ನಾವು ಬಾಯಿ ಚಪ್ಪರಿಸುವ ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಬಣ್ಣ. ಲೇಕ್ ಪ್ಲಾಸಿಡ್ ಬ್ಲೂ 1958ರ ಕ್ಯಾಡಿಲಾಕ್‌ನದು, ಮತ್ತು ಅದು ನೈಟ್ರೋ ಕೂಡ ಅಲ್ಲ, ಅಕ್ರಿಲಿಕ್. 60ರ ದಶಕದ ಕೊನೆಯಲ್ಲಿ ಫೆಂಡರ್ ಪಾಲಿಯೆಸ್ಟರ್ ಕಡೆ ಹೊರಳಿತು. ಗಿಬ್ಸನ್ ಮಾತ್ರ ಇಂದಿಗೂ ನೈಟ್ರೋ ಬಿಟ್ಟಿಲ್ಲ. ಅಂದರೆ ಆ ಕಾಲದ ಕಾರ್ಖಾನೆಗಳು ನೈಟ್ರೋ ಹಿಡಿದದ್ದು ಬೇಗ ಒಣಗುತ್ತದೆ, ಬೇಕಾದ ಬಣ್ಣ ಸುಲಭವಾಗಿ ಸಿಗುತ್ತದೆ ಅಂತ. ಹಾಗಾಗಿ ಪಾಲಿಶ್ ಆರಿಸುವಾಗ ಕಿವಿಯನ್ನು ಪಕ್ಕಕ್ಕಿಟ್ಟು ಕೈ, ಕಣ್ಣು, ಹವೆ ಮತ್ತು ರಿಪೇರಿ, ಈ ನಾಲ್ಕನ್ನು ನೋಡಿ.

ಈಗ ಅರಗು. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ, ಮುಚ್ಚಿಡುವುದಿಲ್ಲ. ಪಲಾಶ, ಕುಸುಮ, ಬೋರೆ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟ ಸ್ರವಿಸುವ ಅಂಟನ್ನು ಕೆರೆದು ಶುದ್ಧ ಮಾಡಿದರೆ ಶೆಲ್ಯಾಕ್ ಚಕ್ಕೆ ಸಿಗುತ್ತದೆ. ಜಾರ್ಖಂಡ್, ಛತ್ತೀಸಗಢದಲ್ಲಿ ಇದರ ಬೆಳೆ ದೊಡ್ಡದು. ಮೈಸೂರಿಗೂ ಇದಕ್ಕೂ ಹಳೇ ನಂಟು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಮಾಡುವ ಇಲ್ಲಿನ ಸರ್ಕಾರಿ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಅರಗು ಇತ್ತು, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತ. ಚನ್ನಪಟ್ಟಣದ ಗೊಂಬೆಗಳ ಬಣ್ಣವೂ ಅರಗೇ. ಅಲ್ಲಿ ಆಲೆಮರದ ತುಂಡನ್ನು ಲೇತ್‌ನಲ್ಲಿ ತಿರುಗಿಸಿ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜುವ ಬಿಸಿಗೆ ಅರಗು ಕರಗಿ ಹತ್ತುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ನನ್ನ ಒಂದು ಗಿಟಾರ್‌ನ ವಾಲ್ಯೂಮ್, ಟೋನ್ ನಾಬ್‌ಗಳನ್ನು ಅಲ್ಲಿಯೇ ಮಾಡಿಸಿದೆ. 6 ಮಿಲಿಮೀಟರ್ ಶಾಫ್ಟ್ ಕೂರುವಂತೆ ತೂತು ಹಾಕಿಕೊಟ್ಟರು, ಬೆರಳಿಗೆ ಅಷ್ಟು ಹಿತವಾದ ನಾಬ್ ನಾನು ಅಂಗಡಿಯಲ್ಲಿ ಕಂಡಿಲ್ಲ.

ಬಾಡಿಗೆ ಅರಗು ಹಚ್ಚುವುದು ಲೇತ್ ಕೆಲಸವಲ್ಲ, ಫ್ರೆಂಚ್ ಪಾಲಿಶ್. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 240 ಗ್ರಾಂ ಚಕ್ಕೆ ಅನ್ನುವ ಲೆಕ್ಕ. ಗಿಟಾರ್ ಒಂದಕ್ಕೆ ಕಾಲು ಲೀಟರ್ ಸ್ಪಿರಿಟ್, 60 ಗ್ರಾಂ ಚಕ್ಕೆ ಕರಗಿಸಿಕೊಂಡರೆ ಸಾಕು, ಮಿಗುತ್ತದೆ. ರಾತ್ರಿ ನೆನೆಸಿಟ್ಟು, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ. ಹತ್ತಿಯ ಉಂಡೆಯನ್ನು ಹಳೇ ಕಾಟನ್ ಬಟ್ಟೆಯಲ್ಲಿ ಸುತ್ತಿ, ಅದಕ್ಕೆ ಅರಗು ಕುಡಿಸಿ, ಸಣ್ಣ ಸಣ್ಣ ಸುತ್ತಿನಲ್ಲಿ, ನಿಲ್ಲಿಸದೆ, ಮೈಮೇಲೆ ಹರಿಸಬೇಕು. ಉಂಡೆ ಒಂದೇ ಕಡೆ ನಿಂತರೆ ಕೆಳಗಿನ ಪದರ ಎದ್ದು ಬರುತ್ತದೆ. ಎಳೆಯತೊಡಗಿದರೆ ಒಂದೆರಡು ಹನಿ ಎಣ್ಣೆ. ಯಂತ್ರ ಬೇಡ, ಕಂಪ್ರೆಸರ್ ಬೇಡ, ಅಕ್ಕಪಕ್ಕದ ಮನೆಯವರಿಗೆ ತೊಂದರೆ ಇಲ್ಲ. ಆದರೆ ಪಾಲಿಶ್‌ಗೆಂದು ಮಾರುವ ಸ್ಪಿರಿಟ್‌ನಲ್ಲಿ ಸಾಮಾನ್ಯವಾಗಿ ಮೆಥನಾಲ್ ಬೆರೆಸಿರುತ್ತಾರೆ, ಕಿಟಕಿ ತೆಗೆದಿಟ್ಟು, ಕೈಗವಸು ಹಾಕಿಕೊಂಡೇ ಮಾಡಿ. ಕರಗಿಸಿದ ಅರಗು ಹಳೆಯದಾದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ಆರು ತಿಂಗಳು ದಾಟಿದ್ದನ್ನು ನಾನು ಗಿಟಾರ್‌ಗೆ ಹಚ್ಚುವುದಿಲ್ಲ. ಡಬ್ಬದಲ್ಲಿ ಕರಗಿಸಿಯೇ ಬರುವುದಕ್ಕಿಂತ ಚಕ್ಕೆ ಕೊಳ್ಳುವುದು ಮೇಲು ಅನ್ನುವುದೂ ಇದಕ್ಕೇ.

ಸಿಲ್ವರ್ ಓಕ್ ಮೇಲೆ ಅರಗು ಬಿದ್ದಾಗ ಆಗುವುದನ್ನು ನೋಡಬೇಕು. ಆ ಮರವನ್ನು ಸರಿಯಾದ ಕೋನದಲ್ಲಿ ಕೊಯ್ದರೆ ಮೈತುಂಬಾ ಮಿನುಗುವ ಚುಕ್ಕೆ, ಗೆರೆಗಳು ಬರುತ್ತವೆ. ಪಿಯು ಹಚ್ಚಿದ ತುಂಡಿನಲ್ಲಿ ಅವು ಗಾಜಿನ ಆಚೆ ಇದ್ದ ಹಾಗೆ ಕಾಣುತ್ತವೆ. ಅರಗಿನಲ್ಲಿ ಅವೇ ಮೇಲೆದ್ದು ಬರುತ್ತವೆ, ತಿರುಗಿಸಿದಂತೆ ಹೊಳೆಯುತ್ತವೆ, ಜೇನಿನ ಬಣ್ಣ ಬೇರೆ. ಎನ್‌ಸಿ ಇದಕ್ಕೆ ಹತ್ತಿರ ಬಂತು, ಎಣ್ಣೆ ಸ್ವಲ್ಪ ಮಂಕು. ಇನ್ನೊಂದು ಮಾತು, ಸಿಲ್ವರ್ ಓಕ್‌ನ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಬರುತ್ತದೆ. ಉಜ್ಜುವಾಗ ತುಂಬು ತೋಳಿನ ಅಂಗಿ ಮತ್ತು ಮಾಸ್ಕ್ ಇರಲಿ.

ಅರಗಿನ ಕೊರತೆಗಳೂ ಸಣ್ಣವಲ್ಲ. ಬಿಸಿ ತಡೆಯುವುದಿಲ್ಲ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಗಿಟಾರ್ ಬಿಟ್ಟರೆ ಕೇಸಿನ ಬಟ್ಟೆಯ ಅಚ್ಚು ಬಾಡಿಯ ಮೇಲೆ ಕೂರುತ್ತದೆ. ನೀರು ನಿಂತರೆ ಬಿಳಿ ಕಲೆ. ಸ್ಪಿರಿಟ್‌ನಲ್ಲಿ ಕರಗುವ ವಸ್ತು ತಾನೇ, ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವ ಮುಂಚೆ ಬಾಡಿ ಮುಟ್ಟಿದರೂ ಬೆರಳಚ್ಚು ಬೀಳುತ್ತದೆ. ಉಡುಪಿಯ ತುಂಡುಗಳಲ್ಲಿ ಅರಗಿನ ಹೊಳಪು ಜುಲೈ ಹೊತ್ತಿಗೆ ಮಂಜು ಹಿಡಿದಿತ್ತು. ಅದೇ ಕಂತೆಯ ಮೈಸೂರಿನ ತುಂಡು ಹಚ್ಚಿದ ದಿನದ ಹಾಗೇ ಇತ್ತು. ಬಲಗೈ ಮೊಣಕೈ ಕೆಳಗೆ ಬಾಡಿಗೆ ತಾಗುವ ಜಾಗದಲ್ಲಿ ಬೆವರಿನಿಂದ ಮೆತ್ತಗಾಗುವುದೂ ಉಂಟು, ಬೆವರುವ ಮೈಯವರಿಗೆ ಇದು ಬೇಗ ಗೊತ್ತಾಗುತ್ತದೆ. ಇಷ್ಟಿದ್ದರೂ ನಾನು ಅರಗನ್ನು ಮೇಲೆ ಇಡುವುದಕ್ಕೆ ಕಾರಣ ರಿಪೇರಿ. ಗೀರು ಬಿತ್ತು, ಕಲೆ ಆಯಿತು, ಮತ್ತೆ ಉಂಡೆ ತೆಗೆದುಕೊಂಡು ಅಲ್ಲಿ ಮಾತ್ರ ಹತ್ತು ನಿಮಿಷ ಉಜ್ಜಿದರೆ ಹೊಸ ಅರಗು ಹಳೇ ಅರಗಿನಲ್ಲಿ ಕರಗಿ ಒಂದಾಗುತ್ತದೆ. ಎಲ್ಲಿ ರಿಪೇರಿ ಮಾಡಿದ್ದು ಅಂತ ನನಗೇ ಹುಡುಕಲು ಆಗುವುದಿಲ್ಲ.

ಎನ್‌ಸಿಗೂ ಈ ಗುಣ ಇದೆ, ಪದರಕ್ಕೆ ಪದರ ಕರಗಿ ಬೆರೆಯುತ್ತದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟರೆ ಎನ್‌ಸಿ ಹೆಚ್ಚು ಗಟ್ಟಿ, ಸ್ಪಿರಿಟ್‌ಗೆ ಅಷ್ಟು ಬೇಗ ಹೆದರುವುದಿಲ್ಲ, ಬಿಸಿಯನ್ನೂ ಸ್ವಲ್ಪ ಜಾಸ್ತಿ ತಡೆಯುತ್ತದೆ. ಹೊಳಪಿನ ಆಳ ಎನ್‌ಸಿಯದೇ ಮೇಲು. ಕಪ್ಪು ಅಥವಾ ಸನ್‌ಬರ್ಸ್ಟ್ ಮಾಡುವ ಆಸೆ ಇದ್ದರೆ ಅರಗನ್ನು ಬಿಟ್ಟು ಇದನ್ನೇ ಹಿಡಿಯಿರಿ. ಅಂಚಿನಿಂದ ನಡುವಿಗೆ ಬಣ್ಣ ತಿಳಿಯಾಗುತ್ತಾ ಹೋಗುವುದು ಸ್ಪ್ರೇಯಲ್ಲಿ ಬರುವಷ್ಟು ನುಣುಪಾಗಿ ಬಟ್ಟೆಯಲ್ಲಿ ಬರುವುದಿಲ್ಲ. ವಿದೇಶದಲ್ಲಿ ಗಿಟಾರ್ ಬಣ್ಣದ ಎನ್‌ಸಿ ಸ್ಪ್ರೇ ಡಬ್ಬಿಗಳು ಸಿಗುತ್ತವೆ, ಆದರೆ ಅವು ಬೆಂಕಿ ಹತ್ತುವ ಸರಕು, ಸಾಮಾನ್ಯ ಏರ್ ಪಾರ್ಸೆಲ್‌ನಲ್ಲಿ ಬರುವುದಿಲ್ಲ. ನಮ್ಮ ಪೇಂಟ್ ಅಂಗಡಿಗಳಲ್ಲಿ ಎನ್‌ಸಿ ಸ್ಯಾಂಡಿಂಗ್ ಸೀಲರ್, ಎನ್‌ಸಿ ಲ್ಯಾಕರ್ ಎರಡೂ ಪೀಠೋಪಕರಣಕ್ಕೆಂದು ಲೀಟರ್ ಲೆಕ್ಕದಲ್ಲಿ ಸಿಗುತ್ತವೆ. ನಾನು ಬಳಸಿದ್ದು ಅವನ್ನೇ, ಥಿನ್ನರ್ ಬೆರೆಸಿ ಸಣ್ಣ ಸ್ಪ್ರೇ ಗನ್‌ನಲ್ಲಿ. ಚೆನ್ನಾಗಿಯೇ ಬಂತು.

ಮಳೆಯ ದಿನ ಎನ್‌ಸಿ ಹೊಡೆಯಬೇಡಿ. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಪದರದೊಳಗೆ ಸಿಕ್ಕಿಕೊಂಡು ಹಾಲಿನ ಹಾಗೆ ಬಿಳಿಚುತ್ತದೆ. ನಿಧಾನಕ್ಕೆ ಆರುವ ರಿಟಾರ್ಡರ್ ಥಿನ್ನರ್ ಸ್ವಲ್ಪ ಬೆರೆಸಿದರೆ ಇದು ಕಡಿಮೆಯಾಗುತ್ತದೆ, ಬಿಳಿಚಿದ ಮೇಲೆಯೂ ಅದನ್ನೇ ತೆಳ್ಳಗೆ ಹೊಡೆದರೆ ಬಹಳ ಸಲ ತಿಳಿಯಾಗುತ್ತದೆ. ಮೈಸೂರಿನಲ್ಲಿ ಜನವರಿಯಿಂದ ಮಾರ್ಚ್ ತನಕ ಈ ತಲೆನೋವೇ ಇಲ್ಲ. ಕರಾವಳಿಯಲ್ಲಿ ಇರುವವರು ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ ಬೆಳಗ್ಗೆ ಬಿಸಿಲೇರಿದ ಮೇಲೆ ಹೊಡೆಯಿರಿ.

ಮುಟ್ಟಿದರೆ ಒಣಗಿದ ಹಾಗಿದ್ದರೂ ಎನ್‌ಸಿ ಒಳಗೆ ಕುಗ್ಗುತ್ತಲೇ ಇರುತ್ತದೆ. ಬಾಡಿಗೆ ಮೂಗು ಹಚ್ಚಿ ನೋಡಿ, ಥಿನ್ನರ್ ವಾಸನೆ ಬರುತ್ತಿದ್ದರೆ ಇನ್ನೂ ಆಗಿಲ್ಲ. ಒಂದು ತಿಂಗಳಂತೂ ಹ್ಯಾಂಗರ್‌ಗೆ ತೂಗುಹಾಕಿ ಬಿಡಿ. ಆಮೇಲೆ 800, 1000, 1500, 2000 ನಂಬರಿನ ಎಮರಿ ಪೇಪರ್ ಒಂದಾದ ಮೇಲೊಂದು ನೀರು ಹಾಕಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿದರೆ ಕನ್ನಡಿ. ಅವಸರ ಮಾಡಿದರೆ ಕೆಲವೇ ವಾರದಲ್ಲಿ ಮರದ ರಂಧ್ರಗಳ ಗುರುತು ಮತ್ತೆ ಮೇಲೆ ಮೂಡುತ್ತದೆ. ಮುಗಿದ ಮೇಲೂ ಎನ್‌ಸಿಗೆ ಒಂದು ಶತ್ರು ಇದೆ, ಗಿಟಾರ್ ಸ್ಟ್ಯಾಂಡಿನ ರಬ್ಬರ್ ಮತ್ತು ಫೋಮ್. ಅದರೊಳಗಿನ ರಾಸಾಯನಿಕ ಲ್ಯಾಕರನ್ನು ಮೆತ್ತಗೆ ಮಾಡಿ ಕಪ್ಪು ಕಲೆ ಉಳಿಸುತ್ತದೆ. ತಾಗುವ ಜಾಗಕ್ಕೆಲ್ಲ ಹತ್ತಿ ಬಟ್ಟೆ ಸುತ್ತಿ ಇಡಿ. ಮತ್ತೆ ಎನ್‌ಸಿ ತುಂಬಾ ಬೇಗ ಹೊತ್ತಿಕೊಳ್ಳುವ ವಸ್ತು. ಅಡುಗೆಮನೆಯ ಗ್ಯಾಸ್, ದೇವರ ದೀಪ, ಕಿಡಿ ಹಾರುವ ಹಳೇ ಫ್ಯಾನ್, ಇವು ಇರುವ ಕಡೆ ಸ್ಪ್ರೇ ಮಾಡಲೇಬೇಡಿ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಾಡುವವರನ್ನು ಕಂಡಿದ್ದೇನೆ, ನನಗೆ ಭಯವಾಗುತ್ತದೆ.

ಎಣ್ಣೆಗೆ ಬರೋಣ. ಬಾಡಿಗಿಂತ ನೆಕ್‌ನಲ್ಲಿ ಇದರ ಬೆಲೆ ಗೊತ್ತಾಗುವುದು. ಹೊಳಪಿನ ಲ್ಯಾಕರ್ ಹಚ್ಚಿದ ನೆಕ್ ಮೇಲೆ ಹೆಬ್ಬೆರಳು ಬೆವರಿದಾಗ ಅಂಟುತ್ತದೆ, ಏಪ್ರಿಲ್ ತಿಂಗಳಲ್ಲಿ ಕರೆಂಟ್ ಹೋದಾಗ ನುಡಿಸಿ ನೋಡಿ. ಎಣ್ಣೆ ಹಚ್ಚಿದ ನೆಕ್ ಮೇಲೆ ಕೈ ಸರಾಗವಾಗಿ ಜಾರುತ್ತದೆ. ಮ್ಯೂಸಿಕ್ ಮ್ಯಾನ್ ಕಂಪನಿಯು ತನ್ನ ಎಷ್ಟೋ ನೆಕ್‌ಗಳಿಗೆ ಕೋವಿಯ ಮರದ ಹಿಡಿಗೆ ಹಚ್ಚುವ ಎಣ್ಣೆ ಮತ್ತು ಮೇಣವನ್ನೇ ಬಳಸುತ್ತದೆ. ಈ ಜಾತಿಯಲ್ಲಿ ಗಿಟಾರ್ ಕಟ್ಟುವವರ ನಡುವೆ ಹೆಸರು ಮಾಡಿದ್ದು ಟ್ರೂ ಆಯಿಲ್. ಅದರಲ್ಲಿ ಅಗಸೆ ಎಣ್ಣೆ ಇದೆ, ಬೇಗ ಗಟ್ಟಿಯಾಗುವಂತೆ ಹದ ಮಾಡಿರುತ್ತಾರೆ. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಹಾಕುವ ಅಗಸೆಯ ಎಣ್ಣೆ ಅದು. ಗಾಣದಿಂದ ತಂದ ಹಸಿ ಅಗಸೆ ಎಣ್ಣೆಯನ್ನೂ ಒಂದು ತುಂಡಿಗೆ ಹಚ್ಚಿ ನೋಡಿದೆ. ಒಣಗಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಗಿಟಾರ್‌ಗೆ ಬೇಡ. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆ ಪರವಾಗಿಲ್ಲ. ಟ್ರೂ ಆಯಿಲ್ ದುಬಾರಿ, ಆಮದು ಮಾಲು, ಆದರೆ ಪುಟ್ಟ ಬಾಟಲಿ ಹಲವು ನೆಕ್‌ಗಳಿಗೆ ಆಗುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಹಚ್ಚುವ ವಿಧಾನ ಇಷ್ಟೇ. ನೆಕ್‌ನ ಹಿಂಬದಿಯನ್ನು 400ರ ತನಕ ನುಣುಪು ಮಾಡಿ, ಬೆರಳಿಗೆ ಬಟ್ಟೆ ಸುತ್ತಿ ಎರಡು ಹನಿ ಎಣ್ಣೆ ತೆಗೆದುಕೊಂಡು ತೆಳ್ಳಗೆ ಸವರಿ, ಕೆಲ ನಿಮಿಷ ಬಿಟ್ಟು ಒರೆಸಿಬಿಡಿ. ಮರುದಿನ ಮತ್ತೆ. ದಪ್ಪ ಹಚ್ಚಿದರೆ ಅಂಟು ಉಳಿಯುತ್ತದೆ. ನಾಲ್ಕೈದು ಕೋಟ್ ಆದ ಮೇಲೆ ತೀರಾ ನಯವಾದ ಸ್ಟೀಲ್ ವುಲ್‌ನಿಂದ ಹಗುರವಾಗಿ ಉಜ್ಜಿ ಮೇಣ ಹಚ್ಚಿ. ಸ್ಟೀಲ್ ವುಲ್ ಬಳಸುವಾಗ ಪಿಕಪ್‌ಗಳು ಹತ್ತಿರ ಇರಬಾರದು, ಉಕ್ಕಿನ ಪುಡಿ ಅಯಸ್ಕಾಂತಕ್ಕೆ ಹತ್ತಿದರೆ ಬಿಡಿಸುವುದು ಕಷ್ಟ. ನೆಕ್‌ನ ಮುಂಬದಿಯಲ್ಲಿ ಬೆರಳು ಒತ್ತುವ ಪಟ್ಟಿ, ಅಂದರೆ ಫ್ರೆಟ್‌ಬೋರ್ಡ್, ಬೀಟೆಮರದ್ದಾದರೆ ಅದಕ್ಕೆ ಈ ಗಟ್ಟಿಯಾಗುವ ಎಣ್ಣೆ ಹಚ್ಚಬೇಡಿ. ಬೀಟೆಯೊಳಗಿನ ಸ್ವಂತ ಎಣ್ಣೆ ಇದನ್ನು ಒಣಗಲು ಬಿಡುವುದಿಲ್ಲ. ಅದಕ್ಕೆ ಒಣಗದ ಬಿಳಿ ಮಿನರಲ್ ಎಣ್ಣೆ ವರ್ಷಕ್ಕೊಮ್ಮೆ ಒರೆಸಿದರೆ ಸಾಕು.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ದಯವಿಟ್ಟು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ಏರುತ್ತಾ ಏರುತ್ತಾ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಬೇಕಿಲ್ಲ. ಬಟ್ಟೆಯನ್ನು ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಬಾಡಿಗೆ ಎಣ್ಣೆ ಹೇಗೆ ಅಂದರೆ, ಮಹಾಗನಿಗೆ ಒಪ್ಪುತ್ತದೆ, ತೇಗಕ್ಕೆ ಇನ್ನೂ ಒಪ್ಪುತ್ತದೆ. ಮರವನ್ನೇ ಮುಟ್ಟಿದ ಅನುಭವ ಸಿಗುತ್ತದೆ. ಆದರೆ ಕಾಪಾಡುವ ಶಕ್ತಿ ಕಡಿಮೆ, ಬೆಲ್ಟ್ ಬಕಲ್ ತಾಗಿದರೆ ನೇರ ಮರಕ್ಕೇ ಪೆಟ್ಟು. ಉಡುಪಿಯ ಕಂತೆಯಲ್ಲಿ ಅಗಸೆ ಎಣ್ಣೆಯ ತುಂಡುಗಳಿಗೆ ಬೂಷ್ಟು ಹಿಡಿಯಿತು, ಬೇರೆ ಯಾವುದಕ್ಕೂ ಅಷ್ಟು ಹಿಡಿಯಲಿಲ್ಲ. ಬೂಷ್ಟಿಗೆ ಈ ಎಣ್ಣೆ ಆಹಾರ. ಟ್ರೂ ಆಯಿಲ್‌ನ ತುಂಡಿಗೆ ಅಷ್ಟಾಗಿ ಬರಲಿಲ್ಲ. ಕರಾವಳಿ, ಮಲೆನಾಡಿನವರು ಬಾಡಿಗೆ ಬರೀ ಎಣ್ಣೆ ಹಚ್ಚುವ ಮುಂಚೆ ಒಮ್ಮೆ ಯೋಚಿಸಿ. ನೆಕ್‌ಗೆ ಈ ಸಮಸ್ಯೆ ಇಲ್ಲ, ದಿನಾ ಕೈ ಆಡುತ್ತಿರುತ್ತದೆ, ಒರೆಸುತ್ತಿರುತ್ತೇವೆ.

ಪಿಯು ನನಗೆ ಅಷ್ಟು ಇಷ್ಟವಾದ ಪಾಲಿಶ್ ಅಲ್ಲ. ಆದರೆ ಉಡುಪಿಯ ಮಳೆಗಾಲ ಮುಗಿದಾಗ ಹೋದ ಹಾಗೇ ಬಂದದ್ದು ಅದೊಂದೇ. ಹೊಳಪು ಅದೇ, ಗಟ್ಟಿತನ ಅದೇ, ಬಿಸಿ ಚಹಾದ ಲೋಟ ಇಟ್ಟರೂ ಗುರುತಿಲ್ಲ. ಅಕ್ಕನ ಮಗ ಬ್ಯಾಂಡಿನಲ್ಲಿ ನುಡಿಸುತ್ತಾನೆ, ಅವನ ಗಿಟಾರ್ ಬಸ್ಸಿನ ಡಿಕ್ಕಿಯಲ್ಲಿ, ವ್ಯಾನಿನಲ್ಲಿ, ಸಮುದ್ರದ ಪಕ್ಕದ ಹೋಟೆಲಿನ ವೇದಿಕೆಯ ಮೇಲೆ ಇರುತ್ತದೆ. ಅವನಿಗೆ ನಾನು ಅರಗು ಕೊಡಲಾರೆ. ಪಿಯು ಎರಡು ಡಬ್ಬದ ಸರಕು, ಬೇಸ್ ಮತ್ತು ಹಾರ್ಡ್‌ನರ್. ಬೆರೆಸಿದ ಕೆಲವು ಗಂಟೆಗಳಲ್ಲಿ ಮುಗಿಸಬೇಕು, ಉಳಿದದ್ದು ಡಬ್ಬದಲ್ಲೇ ಗಟ್ಟಿ. ಆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಿನೊಳಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ದೇಹ ಅದಕ್ಕೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ತಾಗಿದರೂ ತೊಂದರೆ. ಬಟ್ಟೆಯ ಮಾಸ್ಕ್, ಧೂಳಿನ ಮಾಸ್ಕ್ ಇದಕ್ಕೆ ಸಾಲದು. ಹಾಗಾಗಿ ಮನೆಯಲ್ಲಿ ಪಿಯು ಸ್ಪ್ರೇ ಮಾಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮರದ ಪಾಲಿಶ್ ಮಾಡುವ ಒಳ್ಳೆಯ ವರ್ಕ್‌ಶಾಪ್‌ಗೆ, ಇಲ್ಲವೇ ಕಾರಿಗೆ ಬಣ್ಣ ಹೊಡೆಯುವವರ ಬಳಿಗೆ ಒಯ್ಯಿರಿ.

ಒಯ್ಯುವ ಮುಂಚೆ ಕೆಲವು ಕೆಲಸ ನೀವೇ ಮಾಡಿ. ನೆಕ್ ಕೂರುವ ಗುಂಡಿಗೆ ಟೇಪ್ ಹಚ್ಚಿ ಮುಚ್ಚಿ, ಅಲ್ಲಿ ಬಣ್ಣ ದಪ್ಪ ಕೂತರೆ ನೆಕ್ ಇಳಿಯುವುದಿಲ್ಲ, ಬಲವಂತ ಮಾಡಿದರೆ ಅಂಚು ಬಿರಿಯುತ್ತದೆ. ಸ್ಕ್ರೂ ತೂತುಗಳನ್ನೆಲ್ಲ ಪಾಲಿಶ್‌ಗೆ ಮುಂಚೆಯೇ ಹಾಕಿ, ಬಾಯಿಯನ್ನು ಸ್ವಲ್ಪ ಅಗಲ ಮಾಡಿ, ಇಲ್ಲದಿದ್ದರೆ ಸ್ಕ್ರೂ ತಿರುಗಿಸಿದಾಗ ಗಟ್ಟಿ ಪದರ ಸೀಳು ಬಿಡುತ್ತದೆ. ಬಾಡಿಯನ್ನು ಹಿಡಿದು ತಿರುಗಿಸಲು ನೆಕ್ ಜಾಗಕ್ಕೆ ಒಂದು ಮರದ ಪಟ್ಟಿ ಬಿಗಿದು ಕೊಡಿ. ಕಾರಿನವರಿಗೆ ಎರಡು ಮಾತು ಬಿಡಿಸಿ ಹೇಳಿ: ಅಣ್ಣ, ಬಿಸಿ ಬೂತ್‌ನಲ್ಲಿ ಇಡಬೇಡಿ, ತಾನಾಗಿ ಒಣಗಲಿ. ತಗಡಿನ ಪುಟ್ಟಿ ಹಾಕಬೇಡಿ, ಅಂಚುಗಳನ್ನು ಮೆಷಿನ್‌ನಲ್ಲಿ ಉಜ್ಜಬೇಡಿ. ಬೂತ್‌ನ ಬಿಸಿ ಸಾಮಾನ್ಯವಾಗಿ 60 ಡಿಗ್ರಿ ಆಸುಪಾಸು ಇರುತ್ತದೆ, ತಗಡಿಗೆ ಅದು ಏನೂ ಅಲ್ಲ, ಅಂಟು ಹಾಕಿ ಜೋಡಿಸಿದ ಮರಕ್ಕೆ ಅದು ಕಷ್ಟ. ಪದರ ತೆಳ್ಳಗಿರಲಿ ಅಂತಲೂ ಕೇಳಿ. ಅವರ ಅಭ್ಯಾಸ ದಪ್ಪ ಹೊಡೆಯುವುದು. ತೆಳ್ಳಗೆ ಹೊಡೆಸಿದ ಪಿಯು ನೋಡಲು ಎಷ್ಟೋ ವಾಸಿ, ಪ್ಲಾಸ್ಟಿಕ್ ಕವಚ ತೊಡಿಸಿದ ಹಾಗೆ ಕಾಣುವುದಿಲ್ಲ.

ಪಿಯು ರಿಪೇರಿ ಮಾತ್ರ ಬೇಸರದ ಕೆಲಸ. ಚಕ್ಕೆ ಎದ್ದರೆ ಹೊಸ ಪಿಯು ಹಳೆಯದರಲ್ಲಿ ಕರಗುವುದಿಲ್ಲ, ಗಡಿ ಕಾಣುತ್ತದೆ. ಆ ಗುಂಡಿಗೆ ತೆಳು ಸೂಪರ್ ಗ್ಲೂ ಹನಿ ಹನಿಯಾಗಿ ತುಂಬಿ, ಗಟ್ಟಿಯಾದ ಮೇಲೆ ಬ್ಲೇಡಿನಿಂದ ಸಮ ಮಾಡಿ, 2000ರ ಪೇಪರ್ ಹಾಕಿದರೆ ತಕ್ಕಮಟ್ಟಿಗೆ ಮುಚ್ಚುತ್ತದೆ. ಅರಗಿನಷ್ಟು ಪೂರ್ತಿ ಯಾವತ್ತೂ ಇಲ್ಲ.

ಮೆಲಮೈನ್ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಪರಿಚಯದ ಬಡಗಿಯನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ, ಬಾಗಿಲು ಮಂಚಗಳಿಗೆ ಅವರು ದಿನಾ ಹಚ್ಚುವುದು ಅದು. ಅಗ್ಗ, ಬೇಗ ಆಗುತ್ತದೆ. ಫಾರ್ಮಾಲ್ಡಿಹೈಡ್‌ನ ಘಾಟು ಕಣ್ಣು ಮೂಗು ಉರಿಸುತ್ತದೆ. ಎನ್‌ಸಿಯ ಚೆಲುವು ಇಲ್ಲ, ಪಿಯುನ ಗಟ್ಟಿತನ ಇಲ್ಲ, ಅರಗಿನ ಹಾಗೆ ರಿಪೇರಿ ಆಗುವುದಿಲ್ಲ. ಗಿಟಾರ್‌ಗೆ ನಾನು ಬೇಡ ಅನ್ನುತ್ತೇನೆ.

ಒಂದರ ಮೇಲೆ ಇನ್ನೊಂದು ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಬಹುದು, ಕ್ರಮ ತಪ್ಪಬಾರದು. ಮೇಣ ತೆಗೆದ ಶೆಲ್ಯಾಕ್ ಅಂತ ಬೇರೆ ಸಿಗುತ್ತದೆ, ಅದು ಹೆಚ್ಚುಕಡಿಮೆ ಎಲ್ಲದರ ಮೇಲೂ ಹಿಡಿಯುತ್ತದೆ, ಎಲ್ಲವೂ ಅದರ ಮೇಲೆ ಹಿಡಿಯುತ್ತವೆ. ಸಾದಾ ಶೆಲ್ಯಾಕ್‌ನಲ್ಲಿ ಮೇಣ ಇರುತ್ತದೆ, ಅದರ ಮೇಲೆ ಪಿಯು ನಿಲ್ಲುವುದಿಲ್ಲ. ತೇಗ ತನ್ನ ಎಣ್ಣೆಯಿಂದಾಗಿ ಲ್ಯಾಕರನ್ನೂ ಪಿಯುವನ್ನೂ ಸರಿಯಾಗಿ ಹಿಡಿದುಕೊಳ್ಳುವುದಿಲ್ಲ. ಅದಕ್ಕೆ ಮೊದಲು ಥಿನ್ನರ್‌ನಿಂದ ಒರೆಸಿ, ಆ ಮೇಣವಿಲ್ಲದ ಅರಗು ಎರಡು ತೆಳು ಕೋಟ್ ಕೊಟ್ಟು, ಆಮೇಲೆ ಬೇಕಾದದ್ದು ಹಚ್ಚಿ. ಮಹಾಗನಿ, ತೇಗ ಎರಡರಲ್ಲೂ ರಂಧ್ರ ದೊಡ್ಡವು, ಕನ್ನಡಿ ಹೊಳಪು ಬೇಕಾದರೆ ವುಡ್ ಫಿಲ್ಲರ್ ತುಂಬಲೇಬೇಕು. ಎಣ್ಣೆಗೆ ಫಿಲ್ಲರ್ ಬೇಡ, ರಂಧ್ರ ಕಂಡರೇ ಚೆಂದ. ಅಕ್ಕನ ಮಗನ ಮುಂದಿನ ಗಿಟಾರ್ ತೇಗದ್ದು. ತೂಕ ಜಾಸ್ತಿ ಅಂತ ಗೊತ್ತಿದ್ದೂ ಹಟ ಹಿಡಿದಿದ್ದಾನೆ. ಒಳಗೆ ಗುಂಡಿ ತೋಡಿ ಹಗುರ ಮಾಡಿದ್ದೇನೆ. ಕೆಳಗೆ ಅರಗು, ಮೇಲೆ ತೆಳು ಪಿಯು, ನೆಕ್‌ಗೆ ಟ್ರೂ ಆಯಿಲ್. ಮಳೆ ಶುರುವಾಗುವ ಮುಂಚೆ ಬಾಡಿ ವರ್ಕ್‌ಶಾಪಿಗೆ ಹೋಗಬೇಕು.